ಬಾಲ್ಯದ ಚಿತ್ರಗಳೂ ಪ್ರೌಢಕಲೆಯೂ : ಒಂದು ಪರಿಶೀಲನೆ

೧

ಕಲಾವಿದರ ಜೀವನಚರಿತ್ರೆಗಳನ್ನು ಬರೆಯುವವರಲ್ಲಿ ಒಂದು ವಾಡಿಕೆ ಬೆಳೆದು ಬಂದಿದೆ. ಕಥಾನಾಯಕನು ಬಾಲ್ಯದಲ್ಲಿ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಏನನ್ನೋ ಗೀಚಿರುತ್ತಾನೆ. ಹಿರಿಯರು ಮೊದಲು ಗದರಿಸಿ ಅನಂತರ ಬೆರಗಾಗುತ್ತಾರೆ. ಮುಂದೆ ಅವನು ಪಡೆದ ಕೀರ್ತಿಯೆಲ್ಲವೂ ಆ ಗೀಚಿನಲ್ಲಿಯೇ ಅಡಗಿತ್ತೆಂದು ಗ್ರಂಥಕರ್ತನು ತೀರ್ಮಾನಿಸುತ್ತಾನೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯು ಈ ತೀರ್ಮಾನಕ್ಕೆ ಒದಗಿ ಬರುತ್ತದೆ. ಆದರೆ ಚಿತ್ರದುರ್ಗದಂಥ ಮಳೆ ಕಡಮೆಯ ಜಿಲ್ಲೆಯಲ್ಲಿ ಶೇಂಗಾ, ರಾಗಿಗಳನ್ನು ಬಿತ್ತಿದ ರೈತನನ್ನು ಕೇಳಿದರೆ ಅವನು ಬೇರೊಂದು ಮಾತನ್ನು ಹೇಳುವನು. ಚೆನ್ನಾಗಿ ಮೊಳೆತ ಪೈರೆಲ್ಲವೂ ಕಣಕ್ಕೆ ಬರುವುದಿಲ್ಲ. ಕಣಕ್ಕೆ ಬಂದ ಕಾಳನ್ನು ನೋಡಿ ಅದರ ಮೊಳಕೆ ಹೀಗಿತ್ತೆಂದು ಹೇಳುವುದೂ ಸಾಧ್ಯವಿಲ್ಲ.

ಈ ಪ್ರಶ್ನೆಗೆ ಇನ್ನೊಂದು ಮುಖವೂ ಉಂಟು. ಕೆಲವರು ಕಲಾವಿದರು ಪ್ರೌಢಾವಸ್ಥೆಯಲ್ಲಿ ತಮ್ಮ ಬಾಲ್ಯದ ಚಿತ್ರಗಳತ್ತ ತಾವೇ ಹಿಂದಿರುಗಿ, ಅವುಗಳಿಂದ ಹೊಸ ನಿರ್ಮಾಣಕ್ಕೆ ಬೇಕಾದ ಪ್ರೇರಣೆಯನ್ನು ಪಡೆದಿದ್ದಾರೆ. ಇದು ಜೀವನಚರಿತ್ರಕಾರನ ಕಲ್ಪನೆಯಲ್ಲ, ನಡೆದ ಸಂಗತಿ. ಹಾಗಾದರೆ ಅವರು ಹಿಂದಿರುಗಿದುದು ನಿಜವಾಗಿ ಯಾವುದಕ್ಕೆ? ಮಗುವಿನ ಕೈಯ ಸರಳತೆಗೇ, ಕಳೆದುಹೋದ ಮುಗ್ಧತೆಗೇ, ಅಥವಾ ಬೇರೆ ಯಾವುದಾದರೂ ವಸ್ತುವಿಗೇ? ಅಂಥ ಚಿತ್ರವನ್ನು ಒಂದು ಆಧಾರವೆಂದು ಸ್ವೀಕರಿಸುವಾಗ ವಿಮರ್ಶಕನು ಯಾವ ಎಚ್ಚರಿಕೆಯನ್ನು ವಹಿಸಬೇಕು? ಇವೆರಡನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಲೇಖಕನು ಇತಿಹಾಸದ ಅಧ್ಯಾಪಕನೇ ಹೊರತು ಕಲಾಶಾಸ್ತ್ರದ ಪಂಡಿತನಲ್ಲ. ಆದುದರಿಂದ ಶಾಸನವನ್ನೋ ಕಡತವನ್ನೋ ಪರಿಶೀಲಿಸುವ ಕ್ರಮದಲ್ಲಿಯೇ ಇಲ್ಲಿ ಚಿತ್ರಗಳನ್ನೂ ಪರಿಶೀಲಿಸಲಾಗಿದೆ. ಎಂದರೆ, ಆಧಾರ ಯಾವುದು, ಅದು ಹೇಗೆ ಉಳಿಯಿತು, ಅದನ್ನು ಕುರಿತು ಅನಂತರ ಹುಟ್ಟಿದ ಹೇಳಿಕೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಲಾಗಿದೆ.

೨

ಬಾಲ್ಯದ ಚಿತ್ರಗಳೇ ಕೈಗೆ ಸಿಕ್ಕು, ಅವು ಕಲಾವಿದನ ದಾರಿಯನ್ನು ಬದಲಿಸಿದ ಪ್ರಸಿದ್ಧ ನಿದರ್ಶನವು ಯೂರೋಪಿನದು. ೧೮೭೯ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಪಾಲ್ ಕ್ಲೇ ಮ್ಯೂನಿಕ್ಕಿನಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿ, ೧೯೦೧ರ ಅಕ್ಟೋಬರಿನಿಂದ ಮುಂದಿನ ವರ್ಷದ ಮೇ ತಿಂಗಳವರೆಗೆ ಇಟಲಿಯಲ್ಲಿ ಸಂಚರಿಸಿದನು. ಅಲ್ಲಿಯ ಮಹಾಕೃತಿಗಳನ್ನು ಕಂಡು ಅವನಿಗೆ ಆನಂದಕ್ಕಿಂತ ಹೆಚ್ಚಾಗಿ ಎದೆಗುಂದಿತೆನ್ನಬಹುದು. ಅಷ್ಟನ್ನು ಪೂರ್ವಿಕರು ಸಾಧಿಸಿಬಿಟ್ಟಿರುವಲ್ಲಿ ಹೊಸಬನು ಮಾಡಬೇಕಾದುದೇನು? ಈ ಚಿಂತೆಯನ್ನು ಹೊತ್ತು ಬರ್ನ್ ನಗರದ ತಂದೆತಾಯಿಗಳ ಮನೆಗೆ ಮರಳಿದವನಿಗೆ ತಾನು ಚಿಕ್ಕಂದಿನಲ್ಲಿ ಬರೆದಿದ್ದ ಚಿತ್ರಗಳು ದೊರೆತುವು. ೧೯೦೨ರ ಅಕ್ಟೋಬರಿನಲ್ಲಿ ಅವನು ತನ್ನ ಭಾವೀಪತ್ನಿಗೆ ಬರೆದ ಪತ್ರದಲ್ಲಿ, ತಾನು ಅದುವರೆಗೆ ಮಾಡಿದುದರಲ್ಲೆಲ್ಲ ಅವೇ ಹೆಚ್ಚು ಗಣನೀಯವಾದುವೆಂದೂ, ಅವುಗಳಲ್ಲಿ ಇಟಲಿಯವರ ಅಥವಾ ಡಚ್ಚರ ಛಾಯೆಯಿಲ್ಲವೆಂದೂ ತಿಳಿಸಿದನು. ೧೯೧೧ರಲ್ಲಿ ತನ್ನ ಕೃತಿಗಳ ಪಟ್ಟಿಯೊಂದನ್ನು ತಾನೇ ಸಿದ್ಧಪಡಿಸಲಾರಂಭಿಸಿದಾಗ ಬಾಲ್ಯದ ಕೆಲವು ಚಿತ್ರಗಳನ್ನು ಆ ಪಟ್ಟಿಯ ಆದಿಯಲ್ಲಿ ಸೇರಿಸಿದನು. ವಿದ್ಯಾರ್ಥಿಯಾಗಿದ್ದಾಗ ಗುರುಗಳ ಮುಂದೆ ಬರೆದ ಅಭ್ಯಾಸಚಿತ್ರಗಳಲ್ಲಿ ಹೆಚ್ಚಿನವನ್ನು ಕೈಬಿಟ್ಟನು.

ಇಷ್ಟನ್ನು ಓದಿದವರು, ಕ್ಲೇ ಅಂದಿನಿಂದಲೇ ಮಗುವಿನಂತೆ ಬರೆಯತೊಡಗಿದನೆಂದು ಭಾವಿಸುವ ಸಂಭವವುಂಟು. ಆದರೆ ಹಾಗಾಗಲಿಲ್ಲ. ೧೯೦೩ರಿಂದ ೧೯೦೫ರವರೆಗೆ ಅವನು ಲೋಹದ ಫಲಕಗಳ ಮೇಲೆ ಕೊರೆದು ಅಚ್ಚೊತ್ತಿದ ಚಿತ್ರಗಳು ಅತ್ಯಂತ ಸೂಕ್ಷ್ಮವಾದುವು, ಕಟಕಿಯಿಂದ ಕೂಡಿದುವು. ದೇಹದ ಒಂದೊಂದು ಗಂಟನ್ನೂ ಬಲ್ಲ ಶಿಕ್ಷಿತ ಹಸ್ತದ ಕೆಲಸ ಅವುಗಳಲ್ಲಿ ಎದ್ದು ಕಾಣುತ್ತದೆ. ಬಾಲ್ಯದ ರೇಖೆಯು ಅವನ ಪ್ರೌಢಕೃತಿಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳಲು ಹಲವು ವರ್ಷಗಳೇ ಬೇಕಾದುವು. ಮ್ಯೂನಿಕ್ಕಿನಲ್ಲಿ ಕ್ಯಾಂಡಿನ್‌ಸ್ಕಿ ಮೊದಲಾದ ಗೆಳೆಯರು ಮಕ್ಕಳ ಚಿತ್ರಗಳನ್ನು ಸಂಗ್ರಹಿಸುತ್ತಿದ್ದರು. ೧೯೧೨ರಲ್ಲಿ ಅವರು ಹೊರತಂದ ಸಂಕಲನದಲ್ಲಿ ಅಂಥ ಚಿತ್ರಗಳಿಗೂ ಸ್ಥಾನ ದೊರೆಯಿತು. ಆ ಕಾಲದ ಈ ವಾತಾವರಣವಿಲ್ಲದಿದ್ದರೆ ಕ್ಲೇಯ ಮನೆಯ ಹಳೆಯ ಕಾಗದಗಳು ಹಳೆಯ ಕಾಗದಗಳಾಗಿಯೇ ಉಳಿಯುತ್ತಿದ್ದುವೋ ಏನೋ. ಮೇಲಾಗಿ, ತನ್ನ ಕೃತಿಗಳನ್ನು ಮಕ್ಕಳ ಚಿತ್ರಗಳೊಡನೆ ಸಮೀಕರಿಸುವುದನ್ನು ಕ್ಲೇ ಮುಂದೆ ಒಪ್ಪಲಿಲ್ಲ. ಮಗುವಿಗೆ ಕಲೆಯೆಂಬುದರ ಅರಿವಿಲ್ಲ. ಕಲಾವಿದನಿಗೆ ಆ ಅರಿವಿನಿಂದ ಬಿಡುಗಡೆಯಿಲ್ಲ. ಈ ಅಂತರವನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು.

ಹೀಗಿರುವಲ್ಲಿ ಕ್ಲೇಗೆ ಬಾಲ್ಯದ ಚಿತ್ರಗಳಿಂದ ದೊರೆತುದು ಶೈಲಿಯಲ್ಲ, ಒಂದು ಪ್ರಮಾಣ. ತಾನು ಏನನ್ನು ಬರೆಯಬೇಕೆಂದು ಯಾರೂ ಹೇಳಿಕೊಡುವುದಕ್ಕೆ ಮುಂಚೆ ತನ್ನ ಕೈ ಯಾವುದನ್ನು ಆರಿಸಿಕೊಂಡಿತ್ತೆಂಬುದಕ್ಕೆ ಅವು ಸಾಕ್ಷಿಯಾದುವು. ಪಟ್ಟಿಯಲ್ಲಿ ಅವನ್ನು ಸೇರಿಸಿ ಅಭ್ಯಾಸಚಿತ್ರಗಳನ್ನು ಬಿಟ್ಟುದು ಮುಗ್ಧತೆಯ ಆರಾಧನೆಯಲ್ಲ, ಮೂವತ್ತೊಂದು ವರ್ಷದವನೊಬ್ಬನ ವಿಮರ್ಶಾತ್ಮಕವಾದ ಆಯ್ಕೆ. ಬಾಲ್ಯದ ಚಿತ್ರಕ್ಕೆ ಬೆಲೆ ಬಂದುದು ಮಗು ಅದನ್ನು ಬರೆದಾಗ ಅಲ್ಲ, ಹೊರಗೆ ಹೋಗಿ ಬಂದವನು ಅದನ್ನು ಮತ್ತೆ ನೋಡಿದಾಗ.

೩

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪವಾದ ನಿದರ್ಶನವನ್ನು ಆರ್. ಕೆ. ಲಕ್ಷ್ಮಣ್ ಅವರ ಜೀವನದಲ್ಲಿ ಕಾಣಬಹುದಾಗಿದೆ. ೧೯೨೧ರಲ್ಲಿ ಮೈಸೂರಿನಲ್ಲಿ ಜನಿಸಿದ ಲಕ್ಷ್ಮಣ್ ಅವರು ಮುಖ್ಯೋಪಾಧ್ಯಾಯರೊಬ್ಬರ ಕಡೆಯ ಮಗ, ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರ ತಮ್ಮ. ಓದು ಕಲಿಯುವುದಕ್ಕೆ ಮುಂಚೆಯೇ ಮನೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಅವರು ಮಗ್ನರಾಗುತ್ತಿದ್ದರೆಂದೂ, ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಬರೆಯುತ್ತಿದ್ದರೆಂದೂ, ಶಾಲೆಯಲ್ಲಿ ಅರಳಿ ಎಲೆಯೊಂದನ್ನು ಬರೆದು ಉಪಾಧ್ಯಾಯರ ಮೆಚ್ಚುಗೆ ಪಡೆದಂದಿನಿಂದ ತಮ್ಮನ್ನು ಚಿತ್ರಕಾರನೆಂದೇ ಭಾವಿಸತೊಡಗಿದರೆಂದೂ ಅವರು ಹೇಳಿಕೊಂಡಿದ್ದಾರೆ. ಕಿಟಕಿಯಿಂದ ಕಾಣುವ ಒಣಗಿದ ಕಡ್ಡಿ, ಎಲೆ, ಹಲ್ಲಿಯ ಜಾತಿಯ ಜಂತುಗಳು, ಸೌದೆ ಒಡೆಯುವ ಆಳು, ಎದುರು ಮನೆಯ ಮಾಳಿಗೆಯ ಮೇಲಿನ ಕಾಗೆಗಳು, ಇವು ಅವರ ಮೊದಮೊದಲ ವಸ್ತುಗಳಾಗಿದ್ದುವು. ಮುಂದೆ ಬೊಂಬಾಯಿಯ ಪ್ರಸಿದ್ಧ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಅವರ ಚಿತ್ರಗಳಲ್ಲಿ ಪ್ರವೇಶಕ್ಕೆ ತಕ್ಕ ಯೋಗ್ಯತೆ ಕಾಣಲಿಲ್ಲವೆಂಬ ಕಾರಣದಿಂದ ಅದು ತಿರಸ್ಕೃತವಾಯಿತು. ಅನಂತರ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ ಪದವಿ ಪಡೆದರು, ೧೯೪೨ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಗೆ ಚಿತ್ರ ಬರೆದರು, ೧೯೪೭ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ವನ್ನು ಸೇರಿ, ೧೯೫೧ರಿಂದ ಅದರ ಮುಖಪುಟದಲ್ಲಿ ಶ್ರೀಸಾಮಾನ್ಯನನ್ನು ಸಾಕ್ಷಿಯಾಗಿ ನಿಲ್ಲಿಸಿದರು. ೨೦೧೫ರ ಜನವರಿ ೨೬ರಂದು ಅವರು ಪುಣೆಯಲ್ಲಿ ನಿಧನ ಹೊಂದಿದರು.

ಈ ದೀರ್ಘ ವೃತ್ತಿಜೀವನದ ಉತ್ತರಾರ್ಧದಲ್ಲಿ ಲಕ್ಷ್ಮಣ್ ಅವರು ಬಾಲ್ಯದ ಆ ಕಾಗೆಗಳಿಗೆ ಮರಳಿದರು. ದಿನವೂ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಬರೆಯುತ್ತಿದ್ದ ಕುಂಚವೇ ಕಾಗೆಗಳನ್ನು ಬೇರೆಬೇರೆ ಭಂಗಿಗಳಲ್ಲಿ ಬರೆಯಿತು. ಆ ಚಿತ್ರಗಳು ಪ್ರದರ್ಶಿತವೂ ಆದುವು. ಅವುಗಳಲ್ಲಿ ವಿಡಂಬನೆಯಿಲ್ಲ, ಕೆಳಗೆ ಮಾತಿನ ಸಾಲಿಲ್ಲ, ಅಂದಿನ ಸುದ್ದಿಯ ಹಂಗಿಲ್ಲ. ಕತ್ತನ್ನು ಓರೆಮಾಡಿ ನೋಡುವ, ಗರಿ ಕೆದರಿ ಕೂರುವ, ಜಗಳಕ್ಕೆ ನಿಂತ ಕಾಗೆಯಿದೆ, ಅಷ್ಟೆ. ಇದನ್ನು ‘ಬಾಲ್ಯಕ್ಕೆ ಮರಳುವಿಕೆ’ ಎಂದು ಕರೆಯುವುದು ಸುಲಭ. ಆದರೆ ಆ ರೇಖೆಯನ್ನು ನೋಡಿದ ಯಾರೂ ಅದನ್ನು ಮಗುವಿನ ರೇಖೆಯೆನ್ನಲಾರರು. ನಾಲ್ಕಾರು ಬೀಸುಗಳಲ್ಲಿ ಹಕ್ಕಿಯ ತೂಕವನ್ನೂ ಅನುಮಾನವನ್ನೂ ಹಿಡಿಯುವ ಶಕ್ತಿಯು, ದಿನಕ್ಕೊಂದರಂತೆ ದಶಕಗಟ್ಟಲೆ ಗಡುವಿಗೆ ಸರಿಯಾಗಿ ಚಿತ್ರ ಕೊಟ್ಟವನ ಅಭ್ಯಾಸದ ಫಲ. ಮರಳಿ ಬಂದುದು ಕೈಯಲ್ಲ, ವಸ್ತು.

ಇಲ್ಲಿ ಮೂರು ಸಂಗತಿಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯದಾಗಿ, ಈ ಮಗು ಏನನ್ನೂ ಕಾಣದ ಬರಿಯ ಹಲಗೆಯಾಗಿರಲಿಲ್ಲ. ಪತ್ರಿಕೆಗಳ ಚಿತ್ರಗಳು ಅದರ ಕಣ್ಣಿಗೆ ಆಗಲೇ ಶಿಕ್ಷಣವನ್ನು ಕೊಡುತ್ತಿದ್ದುವು. ಕ್ಲೇಗೆ ಅವನ ಅಜ್ಜಿಯು ಚಿಕ್ಕಂದಿನಲ್ಲಿಯೇ ಬಣ್ಣದ ಕಡ್ಡಿಗಳನ್ನು ಕೊಟ್ಟು ಕೈಹಿಡಿದಂತೆಯೇ ಇದು. ಎರಡನೆಯದಾಗಿ, ಅರಳಿ ಎಲೆಯ ಕಥೆಯಲ್ಲಿ ಎಲೆಯಷ್ಟೇ ಮುಖ್ಯವಾದುದು ಉಪಾಧ್ಯಾಯರ ಮೆಚ್ಚುಗೆಯ ಮಾತು. ಅಂದು ಅದೇ ತರಗತಿಯಲ್ಲಿ ಎಲೆ ಬರೆದ ಇತರ ಬಾಲಕರ ಕಥೆಯನ್ನು ಯಾರೂ ಬರೆದಿಟ್ಟಿಲ್ಲ. ಮೂರನೆಯದು ಇನ್ನೂ ಮುಖ್ಯವಾದುದು. ನೆಲ, ಗೋಡೆ, ಬಾಗಿಲುಗಳ ಮೇಲಿನ ಚಿತ್ರವನ್ನು ಕ್ಲೇಯ ಕಾಗದದಂತೆ ಪೆಟ್ಟಿಗೆಯಲ್ಲಿಟ್ಟು ಕಾಪಾಡಲು ಬಾರದು. ನೆಲ ಸಾರಿಸಿದೊಡನೆ, ಗೋಡೆಗೆ ಸುಣ್ಣ ಬಳಿದೊಡನೆ ಅದು ಹೋಗುತ್ತದೆ. ಲಕ್ಷ್ಮಣ್ ಅವರು ಮರಳಿದುದು ಅಂಥ ಚಿತ್ರಕ್ಕಲ್ಲ, ಅದರ ನೆನಪಿಗೆ. ಹಾಗೂ ಆ ನೆನಪನ್ನು ದಿನದಿನವೂ ಕೂಗಿ ಎಚ್ಚರಿಸುತ್ತಿದ್ದ, ಎಲ್ಲ ಊರುಗಳಲ್ಲಿಯೂ ಕಾಣುವ ಹಕ್ಕಿಗೆ. ಆಧಾರ ಉಳಿದಿರುವಲ್ಲಿ ಮರಳುವುದೂ, ನೆನಪು ಮಾತ್ರ ಉಳಿದಿರುವಲ್ಲಿ ಮರಳುವುದೂ ವಿಮರ್ಶಕನಿಗೆ ಒಂದೇ ಆಗಲಾರದು.

೪

ಈ ಭೇದವನ್ನು ನಮ್ಮ ಜಿಲ್ಲೆಗೆ ಅನ್ವಯಿಸಿ ನೋಡಿದರೆ ಅದರ ಮಹತ್ವ ತಿಳಿಯುತ್ತದೆ. ಇಲ್ಲಿಯ ಮಕ್ಕಳಿಗೆ ನೋಡಲು ಚಿತ್ರಗಳ ಕೊರತೆಯಿಲ್ಲ. ಊರಿನ ಹೆಸರನ್ನೇ ‘ಚಿತ್ರಕಲ್ಲು’ ಎಂಬುದರಿಂದ ಬಿಡಿಸುವುದುಂಟು. ಏಳುಸುತ್ತಿನ ಕೋಟೆಯ ಬಂಡೆಗಳಲ್ಲಿ ಆನೆಯನ್ನೋ ಕಪ್ಪೆಯನ್ನೋ ಕಾಣದ ಬಾಲಕನು ಚಿತ್ರದುರ್ಗದಲ್ಲಿ ಇರಲಾರನು. ಹಿರಿಯೂರಿನ ತೇರು ಮಲ್ಲೇಶ್ವರಸ್ವಾಮಿ ದೇವಾಲಯದ ಮುಖಮಂಟಪದಲ್ಲಿ ತಲೆಯೆತ್ತಿದರೆ ಪುರಾಣಕಥೆಗಳ ವರ್ಣಚಿತ್ರಗಳು ಕಾಣುತ್ತವೆ. ಹೊಳಲ್ಕೆರೆಯ ಬಯಲು ಗಣಪತಿಯು ಗಣೇಶನ ಆಕಾರವನ್ನು ಆ ಸೀಮೆಯ ಮಕ್ಕಳ ಕಣ್ಣಿಗೆ ಬರೆದುಕೊಟ್ಟಿದ್ದಾನೆ. ಹೊಸದುರ್ಗದ ಬೆಟ್ಟವಂತೂ ಆ ಊರಿನ ಯಾವ ಶಾಲೆಯ ಅಂಗಳದಿಂದಲೂ ಕಣ್ತಪ್ಪುವುದಿಲ್ಲ. ಆದರೆ ಈ ಮಕ್ಕಳು ಬರೆದುದು ಉಳಿದಿದೆಯೆ?

ಲೇಖಕನು ತನ್ನ ತರಗತಿಯ ವಿದ್ಯಾರ್ಥಿಗಳಿಗೆ, ಮನೆಯಲ್ಲಿ ತಮ್ಮ ಬಾಲ್ಯದ ಚಿತ್ರಗಳು ಇದ್ದರೆ ತರಬೇಕೆಂದು ಒಮ್ಮೆ ಸೂಚಿಸಿದನು. ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ ಏನನ್ನಾದರೂ ತಂದರು. ಉಳಿದವರು ಹೇಳಿದ ಉತ್ತರವೊಂದೇ: ಸ್ಲೇಟಿನ ಮೇಲೆ ಬರೆದು ಒರೆಸಿದೆವು, ಗೋಡೆಯ ಮೇಲೆ ಬರೆದುದು ದೀಪಾವಳಿಯ ಸುಣ್ಣದಲ್ಲಿ ಹೋಯಿತು, ನೋಟ್ ಪುಸ್ತಕವನ್ನು ರದ್ದಿಗೆ ಹಾಕಿದರು. ತಂದವರಲ್ಲಿ ಹೆಚ್ಚಿನವರು ವಿದ್ಯಾರ್ಥಿನಿಯರು, ಮತ್ತು ಅವರು ತಂದುದು ರಂಗೋಲಿಯ ಪುಸ್ತಕಗಳನ್ನು. ಚುಕ್ಕಿಗಳ ಲೆಕ್ಕವನ್ನು ಮೇಲೆ ಬರೆದು, ಅಮ್ಮನಿಂದಲೋ ಅತ್ತೆಯಿಂದಲೋ ಕಲಿತು, ಹಬ್ಬಕ್ಕೆ ಬೇಕಾಗುವುದೆಂದು ಜೋಪಾನಮಾಡಿದ ಪುಸ್ತಕಗಳು ಅವು. ‘ಇವು ಚಿತ್ರಗಳಲ್ಲ ಸಾರ್, ರಂಗೋಲಿ’ ಎಂದು ಒಬ್ಬಾಕೆ ಸಂಕೋಚದಿಂದಲೇ ಒಪ್ಪಿಸಿದಳು. ಬಾಲ್ಯದ ಚಿತ್ರಗಳ ವಿಚಾರವಾಗಿ ಬರೆಯುವವರು ಇವನ್ನು ಎಣಿಕೆಗೆ ತಂದುದು ಅಪರೂಪ. ಸ್ವಯಂಸ್ಫೂರ್ತಿಯೇ ಬಾಲ್ಯದ ಲಕ್ಷಣವೆಂದು ಮೊದಲೇ ನಿರ್ಧರಿಸಿಕೊಂಡವರಿಗೆ, ಕಲಿತು ಬರೆದ ಸಾಲುಗಳು ಚಿತ್ರಗಳಾಗಿ ತೋರುವುದಿಲ್ಲ. ಆದರೂ ನಮ್ಮ ಸೀಮೆಯಲ್ಲಿ ಉಳಿದು ಬಂದಿರುವ ಬಾಲ್ಯದ ರೇಖೆಗಳಲ್ಲಿ ಇವೇ ಮುಖ್ಯವಾದುವೆಂದು ತೋರುತ್ತದೆ.

ಇದರಿಂದ ಹೊರಡುವ ನಿರ್ಣಯವು ಅಷ್ಟು ಹಿತಕರವಾದುದಲ್ಲ. ಕಾಗದವಿದ್ದ ಮನೆ, ಪೆಟ್ಟಿಗೆಯಿದ್ದ ಮನೆ, ಮೇಲಿಂದಮೇಲೆ ಊರು ಬಿಟ್ಟು ಹೋಗಬೇಕಾಗಿಲ್ಲದ ಮನೆ, ಇಂಥ ಕಡೆಗಳಲ್ಲಿ ಮಾತ್ರ ಬಾಲ್ಯದ ಚಿತ್ರವು ಆಧಾರವಾಗಿ ಉಳಿಯುತ್ತದೆ. ಆದುದರಿಂದ ‘ಬಾಲ್ಯದಲ್ಲಿಯೇ ಪ್ರತಿಭೆ ಕಾಣಿಸಿಕೊಂಡಿತು’ ಎಂಬ ವಾಕ್ಯವು ಅನೇಕ ವೇಳೆ ಪ್ರತಿಭೆಯನ್ನು ಕುರಿತುದಲ್ಲ, ಅಟ್ಟವನ್ನು ಕುರಿತುದು. ಈಚಿನ ವರ್ಷಗಳಲ್ಲಿ ಮಗು ಬರೆದುದನ್ನೆಲ್ಲ ಮೊಬೈಲ್ ಫೋನಿನಲ್ಲಿ ಸೆರೆಹಿಡಿಯುವ ತಂದೆತಾಯಿಗಳು ಹೆಚ್ಚಾಗಿದ್ದಾರೆ. ಕೊರತೆಯು ಹೋಗಿ ರಾಶಿಯು ಬಂದಿದೆ. ಆದರೆ ಮಗು ಯಾವುದನ್ನು ನೋಡಿ ಬರೆಯಿತು, ಬರೆಯುವಾಗ ಏನೆಂದಿತು ಎಂಬ ವಿವರವಿಲ್ಲದ ರಾಶಿಯು ಮುಂದಿನ ಶೋಧಕನಿಗೆ ಕೊರತೆಯಷ್ಟೇ ತೊಡಕನ್ನು ಉಂಟುಮಾಡೀತು.

೫

ಆಧಾರಕ್ಕೂ ನೆನಪಿಗೂ ಇರುವ ಅಂತರವನ್ನು ಲೇಖಕನು ತನ್ನ ವಿಷಯದಲ್ಲಿಯೇ ಕಂಡುಕೊಳ್ಳಬೇಕಾಯಿತು. ಸ್ವಂತದ ಮಾತನ್ನು ಇಂಥ ಲೇಖನದಲ್ಲಿ ತರುವುದಕ್ಕೆ ವಾಚಕರ ಕ್ಷಮೆಯಿರಲಿ.

ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೆಳೆದ ಲೇಖಕನು, ತಾನು ಚಿಕ್ಕಂದಿನಲ್ಲಿ ತಂದೆಯ ಲೆಕ್ಕದ ಪುಸ್ತಕದಲ್ಲಿ ಚಿತ್ರದುರ್ಗದ ಕೋಟೆಯನ್ನು ಬರೆದಿದ್ದೆನೆಂದೂ, ಇತಿಹಾಸದ ಒಲವು ಅಲ್ಲಿಂದಲೇ ಹುಟ್ಟಿತೆಂದೂ ಬಹುಕಾಲ ನಂಬಿದ್ದನು. ತರಗತಿಯಲ್ಲಿ ಒಂದೆರಡು ಸಲ ಹೇಳಿಯೂ ಇದ್ದನು. ತಂದೆಯವರು ತೀರಿಕೊಂಡ ಅನಂತರ ಮನೆಯ ಕಾಗದಪತ್ರಗಳನ್ನು ನೋಡುವಾಗ ಆ ಪುಸ್ತಕವು ದೊರೆಯಿತು. ಅದು ಉಳಿದುದು ಚಿತ್ರಕ್ಕಾಗಿ ಅಲ್ಲ, ಲೆಕ್ಕಕ್ಕಾಗಿ. ಚಿತ್ರವಿದ್ದ ಹಾಳೆಯಲ್ಲಿ ಕೋಟೆಯಿರಲಿಲ್ಲ. ಇದ್ದುದು ಬೋರ್‌ವೆಲ್ ಕೊರೆಯುವ ಲಾರಿ. ಲಾರಿಗಿಂತ ಎತ್ತರವಾಗಿ ನಿಂತ ಮನುಷ್ಯರು. ಎರಡು ತೆಂಗಿನ ಮರಗಳು. ನೆಲದ ಗೆರೆಯ ಕೆಳಗೆ ಹಾಳೆಯ ತಳದವರೆಗೆ ಇಳಿದ ಕೊಳವೆ. ಅದರ ತುದಿಯಲ್ಲಿ ನೀಲಿ ಮಸಿಯಿಂದ ಗೀಚಿ ತುಂಬಿದ ನೀರು. ಹಾಳೆಯ ಮರುಬದಿಯಲ್ಲಿ ೧೯೯೮ನೆಯ ಇಸವಿಯ ತಾರೀಖಿನೊಡನೆ ತಂದೆಯವರ ಕೈಬರಹ: ಕೊರೆಸಿದ ಅಡಿಗಳ ಲೆಕ್ಕ, ಲಾರಿಯವರಿಗೆ ಕೊಟ್ಟ ಹಣ, ಸಾಲ ತಂದ ಮೊತ್ತ, ಕೊನೆಯಲ್ಲಿ ‘ನೀರು ಇಲ್ಲ’ ಎಂಬ ಎರಡು ಪದ.

ಕಣ್ಣಿಗೆ ಕಾಣದ ಭೂಗರ್ಭವನ್ನು ಕಾಣುವಂತೆ ಬರೆಯುವುದು ಮಕ್ಕಳ ಚಿತ್ರಗಳ ಸಾಮಾನ್ಯ ಲಕ್ಷಣವೇ ಆಗಿದೆ. ಮಗು ಕಂಡುದನ್ನಲ್ಲ, ತಿಳಿದುದನ್ನು ಬರೆಯುತ್ತದೆ ಎಂದು ಫ್ರೆಂಚ್ ವಿದ್ವಾಂಸ ಲ್ಯೂಕೆ ೧೯೨೭ರಷ್ಟು ಹಿಂದೆಯೇ ಪ್ರತಿಪಾದಿಸಿದ್ದನು. ಆದರೆ ಈ ಮಗು ಬರೆದುದು ತಿಳಿದುದನ್ನೂ ಅಲ್ಲ. ಲಾರಿಯು ಹೊರಟುಹೋದ ಮೇಲೆ ಮನೆಯಲ್ಲಿದ್ದ ಮೌನವನ್ನು ಲೇಖಕನು ಈಗಲೂ ಬಲ್ಲನು. ನೀರು ಬರಲಿಲ್ಲವೆಂದು ಆ ಮಗುವಿಗೆ ಗೊತ್ತಿದ್ದಿರಲೇ ಬೇಕು. ಹಾಗಾದರೆ ಚಿತ್ರವು ಸುಳ್ಳೆ? ಒಂದೇ ಹಾಳೆಯ ಎರಡು ಮುಖಗಳಲ್ಲಿ ಒಂದೇ ಘಟನೆಗೆ ಸಂಬಂಧಿಸಿದ, ಪರಸ್ಪರ ವಿರುದ್ಧವಾದ ಎರಡು ಆಧಾರಗಳಿವೆ. ಒಂದು ನಡೆದುದನ್ನು ಹೇಳುತ್ತದೆ. ಇನ್ನೊಂದು ಆ ಮನೆಯಲ್ಲಿ ಎಲ್ಲರೂ ಏನನ್ನು ಕಾದು ನಿಂತಿದ್ದರೆಂಬುದನ್ನು ಹೇಳುತ್ತದೆ. ಇತಿಹಾಸಕಾರನು ಇವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಸುಡುವಂತಿಲ್ಲ.

ಕೋಟೆಯ ಚಿತ್ರವೆಂಬುದು, ಇತಿಹಾಸದ ಅಧ್ಯಾಪಕನಾದ ಮೇಲೆ ಲೇಖಕನ ನೆನಪು ತನ್ನ ಅನುಕೂಲಕ್ಕೆ ಕಟ್ಟಿಕೊಂಡ ಕಥೆ. ಈ ಹಾಳೆಯು ಸಿಕ್ಕ ಮೇಲೆ ಅವನ ಅಭ್ಯಾಸದ ದಿಕ್ಕು ಸ್ವಲ್ಪಮಟ್ಟಿಗೆ ಬದಲಾಯಿತೆಂದು ಹೇಳಬೇಕು. ಪಾಳೆಯಗಾರರ ವಂಶಾವಳಿಯನ್ನೇ ನೋಡುತ್ತಿದ್ದ ಕಣ್ಣು, ಅದೇ ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡಗಳತ್ತ ತಿರುಗಿತು. ೧೯೦೭ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣೀವಿಲಾಸಸಾಗರದ ಕೆಳಗಿನ ಹಳ್ಳಿಗೂ ಅದರ ನೀರು ಹರಿಯದ ಹಳ್ಳಿಗೂ ಇರುವ ಚರಿತ್ರೆಯ ಅಂತರವು ವಿಚಾರಯೋಗ್ಯವೆಂದು ಕಂಡಿತು. ಚಿತ್ರದ ಶೈಲಿಯಿಂದ ಅವನಿಗೆ ಆಗಬೇಕಾದುದೇನೂ ಇರಲಿಲ್ಲ. ಯಾರೂ ಹೇಳಿಕೊಡದಿದ್ದಾಗ ಆ ಬಾಲಕನು ಬರೆಯಲು ಆರಿಸಿಕೊಂಡುದು ರಾಜನನ್ನಲ್ಲ, ನೀರನ್ನು ಎಂಬ ಅರಿವಷ್ಟೇ ಸಾಕಾಯಿತು.

೬

ಮೇಲಣ ವಿಚಾರದಿಂದ, ಬಾಲ್ಯದಲ್ಲಿ ಮನಸ್ಸಿಗೆ ಹತ್ತಿದ ಕೋಟೆಯಂಥ ವಸ್ತುವು ನಿಷ್ಪ್ರಯೋಜಕವೆಂದು ಯಾರೂ ತಿಳಿಯಬಾರದು. ಅದಕ್ಕೆ ಪ್ರತಿಯಾದ ನಿದರ್ಶನವು ನಮ್ಮ ಊರಿನಲ್ಲಿಯೇ ಇದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನಕ್ಕೆ ಸೇರಿದ ತ. ರಾ. ಸುಬ್ಬರಾಯರು ಚಿತ್ರಕಾರರಲ್ಲ, ಕಾದಂಬರಿಕಾರರು. ಆದರೂ ಎಳೆಯ ಕಣ್ಣು ಹಿಡಿದ ವಸ್ತುವಿಗೆ ಪ್ರೌಢನಾದವನು ಮರಳುವ ಬಗೆಯನ್ನು ತಿಳಿಯಲು ಅವರ ಕೃತಿಗಳು ಸಹಾಯಕವಾಗುತ್ತವೆ. ಕ್ಲೇಗೆ ಚಿತ್ರವೇ ಉಳಿದಿತ್ತು, ಲಕ್ಷ್ಮಣ್ ಅವರಿಗೆ ನೆನಪು ಉಳಿದಿತ್ತು, ತ. ರಾ. ಸು. ಅವರಿಗೆ ವಸ್ತುವೇ, ಅಂದರೆ ದುರ್ಗವೇ, ಕಣ್ಣೆದುರಿಗೆ ಉಳಿದಿತ್ತು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು ೧೯೮೨ರಲ್ಲಿ ಪ್ರಕಟವಾದ ‘ದುರ್ಗಾಸ್ತಮಾನ’ದವರೆಗೆ ಅವರು ಮತ್ತೆ ಮತ್ತೆ ಆ ಬೆಟ್ಟವನ್ನು ಹತ್ತಿದರು. ೧೭೭೯ರಲ್ಲಿ ಹೈದರಾಲಿಗೆ ದುರ್ಗವು ವಶವಾದ ಪ್ರಸಂಗವನ್ನು ವಸ್ತುವಾಗುಳ್ಳ ಆ ಕೊನೆಯ ಕೃತಿಗೆ, ಅವರು ೧೯೮೪ರಲ್ಲಿ ತೀರಿಕೊಂಡ ಅನಂತರ, ೧೯೮೫ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಕೋಟೆಯ ನೆರಳಿನಲ್ಲಿ ಬೆಳೆದವರಿಗೆ ಕೋಟೆಯನ್ನು ಕುರಿತು ಬರೆಯುವುದು ಸಹಜವಲ್ಲವೆ ಎಂದು ಕೇಳುವವರುಂಟು. ಹಾಗಿದ್ದಲ್ಲಿ ಆ ನೆರಳಿನಲ್ಲಿ ಬೆಳೆದ ಸಾವಿರಾರು ಮಂದಿಯೂ ಬರೆಯಬೇಕಾಗಿತ್ತು. ಬಾಲ್ಯದ ಬೆರಗಿಗೂ ಕಾದಂಬರಿಗೂ ನಡುವೆ ಎಂ. ಎಸ್. ಪುಟ್ಟಣ್ಣನವರು, ಹುಲ್ಲೂರು ಶ್ರೀನಿವಾಸ ಜೋಯಿಸರು ಮೊದಲಾದ ವಿದ್ವಾಂಸರು ನಾಯಕರ ಚರಿತ್ರೆಗಾಗಿ ಪಟ್ಟ ಪರಿಶ್ರಮವಿದೆ. ಬೇರೆ ಊರು, ಬೇರೆ ವಸ್ತುಗಳನ್ನು ಕುರಿತು ಅನೇಕ ಕಾದಂಬರಿಗಳನ್ನು ಬರೆದ ಕೈಯ ಪಳಗಿಕೆಯಿದೆ. ಲಕ್ಷ್ಮಣ್ ಅವರ ಕಾಗೆಗೂ ಕ್ಲೇಯ ರೇಖೆಗೂ ಇದೇ ಮಾತು ಸಲ್ಲುತ್ತದೆ. ಎಲ್ಲಿಗೂ ಹೋಗದವನಿಗೆ ಮರಳುವ ಪ್ರಶ್ನೆಯೇ ಇಲ್ಲ. ಬಾಲ್ಯದ ವಸ್ತುವು ಎಲ್ಲರಿಗೂ ಉಂಟು. ಅದರ ಮುಂದೆ ಮತ್ತೊಮ್ಮೆ ನಿಲ್ಲಲು ಬೇಕಾದ ದೂರವನ್ನು ದುಡಿದೇ ಗಳಿಸಬೇಕು.

೭

ಇದುವರೆಗೆ ಹೇಳಿದುದನ್ನು ಸಂಗ್ರಹಿಸಿದರೆ ವಿಮರ್ಶಕನು ಪಾಲಿಸಬೇಕಾದ ಕೆಲವು ನಿಯಮಗಳು ದೊರೆಯುತ್ತವೆ. ಬಾಲ್ಯದ ಚಿತ್ರವು ನಿಜವಾಗಿ ಉಳಿದಿದೆಯೇ ಅಥವಾ ಅದನ್ನು ಕುರಿತ ನೆನಪು ಮಾತ್ರ ಉಳಿದಿದೆಯೇ ಎಂಬುದನ್ನು ಮೊದಲು ನಿರ್ಧರಿಸಬೇಕು. ನೆನಪಾದರೆ, ಹೇಳಿದವನು ಅನಂತರ ಏನಾದನೆಂಬುದರ ಬಣ್ಣವು ಅದಕ್ಕೆ ಹತ್ತಿರುತ್ತದೆಂದು ತಿಳಿಯಬೇಕು. ಚಿತ್ರವು ಉಳಿದಿದ್ದರೆ ಅದು ಯಾವ ಕಾರಣಕ್ಕಾಗಿ, ಯಾರ ಕೈಯಲ್ಲಿ ಉಳಿಯಿತೆಂಬುದನ್ನು ವಿಚಾರಿಸಬೇಕು. ಉಳಿಯದವರ ಮಾತನ್ನೂ ಮರೆಯಬಾರದು. ಕೊನೆಯದಾಗಿ, ಬಾಲ್ಯದ ರೇಖೆಗೂ ಪ್ರೌಢರೇಖೆಗೂ ಇರುವ ಹೋಲಿಕೆಯನ್ನು ಹುಡುಕುವ ಬದಲು, ನಡುವಣ ವರ್ಷಗಳಲ್ಲಿ ಆ ಕಲಾವಿದನು ಏನನ್ನು ಕಲಿತು ಯಾವುದನ್ನು ಕೈಬಿಟ್ಟನೆಂಬುದನ್ನು ನೋಡಬೇಕು. ಪ್ರೇರಣೆಯೆಂಬುದು ಹಳೆಯ ಹಾಳೆಯಲ್ಲಿ ಮಲಗಿರುವ ವಸ್ತುವಲ್ಲ. ಅಂದು ಆರಿಸಿಕೊಂಡುದಕ್ಕೂ ಇಂದು ಆರಿಸಿಕೊಂಡಿರುವುದಕ್ಕೂ ಇರುವ ಅಂತರವು ಕಣ್ಣಿಗೆ ಬಿದ್ದಾಗ ಅದು ಹುಟ್ಟುತ್ತದೆ.

ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಸೂಚನೆಯನ್ನು ಮಾಡಿ ಈ ಲೇಖನವನ್ನು ಮುಗಿಸಬಹುದು. ನಮ್ಮ ಕಾಲೇಜುಗಳಲ್ಲಿ ತಾಳೆಗರಿಗಳನ್ನೂ ನಾಣ್ಯಗಳನ್ನೂ ಸಂಗ್ರಹಿಸುವ ಉತ್ಸಾಹವಿದೆ; ಅದು ಬೆಳೆಯಬೇಕಾದುದೇ. ಅದರೊಡನೆ, ಊರಿಗೆ ಹೋದ ವಿದ್ಯಾರ್ಥಿಯು ತನ್ನ ಮನೆಯ ಹಳೆಯ ಲೆಕ್ಕದ ಪುಸ್ತಕವನ್ನೂ ಅಕ್ಕತಂಗಿಯರ ರಂಗೋಲಿಯ ಪುಸ್ತಕವನ್ನೂ ರದ್ದಿಗೆ ಹೋಗುವುದಕ್ಕೆ ಮುಂಚೆ ಒಮ್ಮೆ ತಿರುವಿ ನೋಡಲಿ. ಗೀಚಿರುವ ಹಾಳೆ ಸಿಕ್ಕಿದರೆ ಬರೆದವರ ವಯಸ್ಸು, ಊರು, ಇಸವಿಗಳನ್ನು ಕೇಳಿ ಬೇರೆ ಚೀಟಿಯಲ್ಲಿ ಗುರುತುಹಾಕಿ ಇಡಲಿ. ಆ ಹಾಳೆಯಿಂದ ಒಬ್ಬ ಕಲಾವಿದನೇ ಹುಟ್ಟಬೇಕೆಂಬ ನಿಯಮವಿಲ್ಲ. ಆ ಮನೆಯಲ್ಲಿ ಒಂದು ಕಾಲದಲ್ಲಿ ಒಂದು ಮಗು ಯಾವುದನ್ನು ನೋಡುತ್ತ ಕುಳ್ಳಿರುತ್ತಿತ್ತೆಂಬುದು ತಿಳಿದರೂ ಸಾಕು. ಅದನ್ನು ಹೇಳುವ ಬೇರೊಂದು ಆಧಾರವು ನಮಗೆ ಬಹುಶಃ ದೊರೆಯಲಾರದು.